ಮಳೆಪುಸ್ತಕದ ಷರಾ ಕಾಲಂ

ಮಳೆಗಾಲದಲ್ಲಿ ಕೊಡಗಿನ ಜನ ದಾರಿಯಲ್ಲಿ ಎದುರಾದಾಗ ಊಟ ತಿಂಡಿಯ ವಿಚಾರಕ್ಕಿಂತ ಮೊದಲು "ನಿಮ್ಮಲ್ಲಿ ಎಷ್ಟು ಬಂತು?" ಎಂದು ಕೇಳುತ್ತಾರೆ, ಮತ್ತು ಆ ಪ್ರಶ್ನೆಗೆ ಇಂಚು ಮತ್ತು ಸೆಂಟುಗಳಲ್ಲಿಯೇ ಉತ್ತರ ಕೊಡಬೇಕು. ಸರ್ಕಾರದ ಲೆಕ್ಕವೆಲ್ಲ ಮಿಲಿಮೀಟರಿಗೆ ಬದಲಾಗಿ ದಶಕಗಳೇ ಕಳೆದರೂ ನಮ್ಮ ತೋಟಗಳಲ್ಲಿ ಇಂದಿಗೂ ನೂರು ಸೆಂಟಿಗೆ ಒಂದು ಇಂಚು ಎಂಬ ಹಳೆಯ ಲೆಕ್ಕವೇ ನಡೆಯುತ್ತದೆ. ಅಂಗಳದ ಬಯಲಿನಲ್ಲಿ, ಮರದ ನೆರಳು ಬೀಳದ ಕಡೆ, ಒಂದು ಮಳೆಮಾಪಕ ನಿಂತಿರುತ್ತದೆ. ಬೆಳಿಗ್ಗೆ ಅದರ ಆಲಿಕೆಯನ್ನು ಎತ್ತಿ, ಒಳಗಿನ ಬಾಟಲಿಯಲ್ಲಿ ಕೂಡಿಕೊಂಡ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಗೆ ಸುರಿದು, ಅಳತೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೀರಿನ ಕೆಳಗಿನ ಬಾಗನ್ನು ಓದಿ, ಬಂದ ಅಂಕಿಯನ್ನು ಪುಸ್ತಕಕ್ಕೆ ಏರಿಸಬೇಕು. ಬೆಳೆಗಾರರ ಮನೆಗಳಲ್ಲಿ ಅಜ್ಜನ ಕಾಲದಿಂದ ಕೂಡಿಟ್ಟ ಇಂಥ ಪುಸ್ತಕಗಳಿವೆ. ಯಾವುದೋ ವರ್ಷದ ಜುಲೈ ಮಳೆಯ ಬಗ್ಗೆ ವಾದ ಹುಟ್ಟಿಕೊಂಡರೆ ಅವು ಕಪಾಟಿನಿಂದ ಹೊರಗೆ ಬರುತ್ತವೆ. ಸಾಹಿತ್ಯವೆಂದು ಯಾರೂ ಕರೆಯದಿದ್ದರೂ ಕೊಡಗಿನಲ್ಲಿ ಅತ್ಯಂತ ನಿಷ್ಠೆಯಿಂದ ನಡೆದಿರುವ ಬರವಣಿಗೆ ಇದೇ ಎಂಬುದು ನನ್ನ ಅಭಿಪ್ರಾಯ.

ನನ್ನ ಅಪ್ಪ ಸುಂಟಿಕೊಪ್ಪದ ಕಡೆಯ ತೋಟವೊಂದರಲ್ಲಿ ರೈಟರ್ ಆಗಿದ್ದರು. ಕೂಲಿಯಾಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆಯುವುದು, ಕಾಫಿ ಕುಯ್ಲಿನ ಕಾಲದಲ್ಲಿ ಸಂಜೆ ತೂಕ ಹಾಕಿಸುವುದು, ಶನಿವಾರ ಬಟವಾಡೆಯ ಲೆಕ್ಕ ಮುಗಿಸುವುದು ಅವರ ಕೆಲಸ. ಮಳೆಯ ಲೆಕ್ಕವೂ ಅದರೊಂದಿಗೆ ಬಂದದ್ದು. ನಿವೃತ್ತರಾಗಿ ನಮ್ಮ ಸಣ್ಣ ತೋಟದ ಮನೆಗೆ ಬಂದ ಮೇಲೂ ಅವರು ಅಭ್ಯಾಸ ಬಿಡಲಾರದೆ ಒಂದು ಮಾಪಕವನ್ನು ಕೊಂಡು ತಂದು ನೆಟ್ಟರು. ಅವರ ಪುಸ್ತಕದಲ್ಲಿ ನಾಲ್ಕು ಕಾಲಂಗಳು: ತಾರೀಖು, ಆ ದಿನದ ಮಳೆ, ವರ್ಷಾರಂಭದಿಂದ ಒಟ್ಟು ಮಳೆ, ಕೊನೆಯದು ಷರಾ, ಅಂದರೆ ಟಿಪ್ಪಣಿ. ಷರಾ ಕಾಲಂ ಎಲ್ಲಕ್ಕಿಂತ ಕಿರಿದು. ಅದರಲ್ಲಿ ಅವರು ಬರೆದದ್ದು ಎಂದೂ ನಾಲ್ಕೈದು ಶಬ್ದಗಳನ್ನು ದಾಟುತ್ತಿರಲಿಲ್ಲ. "ಗಾಳಿ. ಬಾಳೆ ಹೋಯಿತು." "ಆನೆ ಬಂದಿತ್ತು, ಬೇಲಿ ಮುರಿದಿದೆ." "ಆಟಿ ಹದಿನೆಂಟು. ಮದ್ದು ಪಾಯಸ." (ಮಳೆಗಾಲದ ಆಟಿ ತಿಂಗಳಿನ ಹದಿನೆಂಟನೆಯ ದಿನ ಮದ್ದು ಸೊಪ್ಪಿನ ಪಾಯಸ ಮಾಡುವ ರೂಢಿ.) "ಕರೆಂಟ್ ಬಂತು." ಈ ಕೊನೆಯ ಸಾಲು ಒಂದು ಆಗಸ್ಟ್ ತಿಂಗಳಿನದು. ಕರೆಂಟ್ ಹೋದದ್ದನ್ನು ಅವರು ಎಲ್ಲಿಯೂ ಬರೆದಿಲ್ಲ, ಏಕೆಂದರೆ ಆ ತಿಂಗಳಿನಲ್ಲಿ ಅದು ಸುದ್ದಿಯಲ್ಲ.

ಅವರ ಇನ್ನೊಂದು ಪದ್ಧತಿ ಬಹಳ ಕಾಲ ನನ್ನ ಗಮನಕ್ಕೆ ಬಂದಿರಲಿಲ್ಲ. ತಿಂಗಳ ಮೊದಲ ದಿನವೇ ಅವರು ಸ್ಕೇಲು ಹಿಡಿದು ಪುಟಕ್ಕೆಲ್ಲ ಗೆರೆ ಎಳೆದು, ಒಂದರಿಂದ ಮೂವತ್ತು ಅಥವಾ ಮೂವತ್ತೊಂದರವರೆಗಿನ ತಾರೀಖುಗಳನ್ನು ಮುಂಚಿತವಾಗಿ ಬರೆದಿಡುತ್ತಿದ್ದರು. ಮುಂದಿನ ಮನೆಗಳೆಲ್ಲ ಖಾಲಿ. ಮಳೆ ಬಂದರೂ ಬಾರದಿದ್ದರೂ ಆ ಮನೆ ತುಂಬಬೇಕು. ಬಾರದ ದಿನ ಒಂದು ಸೊನ್ನೆ, ನಾಲ್ಕು ಹನಿ ಬಿದ್ದ ದಿನ "ಹನಿ" ಎಂಬ ಒಂದೇ ಮಾತು. ಅವರು ತೀರಿಕೊಂಡ ತಿಂಗಳಿನ ಪುಟದಲ್ಲಿಯೂ ತಾರೀಖುಗಳು ತಿಂಗಳ ಕೊನೆಯವರೆಗೆ ಇವೆ. ಆ ಪುಟವನ್ನು ನೋಡಿ ಅವ್ವ ಅತ್ತಿದ್ದಳು, ನಾನು ಪುಸ್ತಕವನ್ನು ಮುಚ್ಚಿ ಒಳಗೆ ಇಟ್ಟಿದ್ದೆ. ನಮ್ಮ ಮನೆಯ ಮಳೆಯ ಲೆಕ್ಕ ಅಲ್ಲಿಗೆ ನಿಂತಿತು.

ಆದ್ದರಿಂದಲೇ 2018ರ ಮಳೆ ನಮ್ಮ ಮನೆಯಲ್ಲಿ ದಾಖಲಾಗಿಲ್ಲ. ಆ ವರ್ಷದ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಮೊಣ್ಣಂಗೇರಿ, ಜೋಡುಪಾಲಗಳ ಕಡೆ ಗುಡ್ಡಗಳು ತೋಟ, ಮನೆ, ಗದ್ದೆಗಳ ಸಮೇತ ಜಾರಿ ಬಂದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆ ಅಲ್ಲಲ್ಲಿ ಇಲ್ಲವೇ ಆಗಿಹೋಯಿತು. ಮರುವರ್ಷ ವಿರಾಜಪೇಟೆ ಕಡೆಯ ತೋರದಲ್ಲಿ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಬೆಟ್ಟ ಕುಸಿಯಿತು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು, ಚಿಕ್ಕ ವಯಸ್ಸಿನಲ್ಲಿ ಕೆಲವು ಕಥೆಗಳನ್ನು ಬರೆದು ಅಚ್ಚಿನಲ್ಲಿ ನೋಡಿದ್ದವಳು. ಹೀಗಾಗಿ ಆ ಮೂರು ವರ್ಷಗಳಲ್ಲಿ ಸ್ಮರಣ ಸಂಚಿಕೆಗೆ, ಸಭೆಯ ಸ್ವಾಗತ ಭಾಷಣಕ್ಕೆ, ಪರಿಹಾರದ ಮನವಿಗೆ, ಮಕ್ಕಳಿಗೆ ಧೈರ್ಯ ಹೇಳುವ ನಾಟಕಕ್ಕೆ ಎಂದು ಎಲ್ಲೆಡೆಯಿಂದ ಬೇಡಿಕೆ ಬಂತು. ಯಾವುದೂ ಅನಗತ್ಯವಾದ ಬರವಣಿಗೆಯಲ್ಲ. ಮನೆ ಕಳೆದುಕೊಂಡವರ ಹೆಸರು ಸರಿಯಾಗಿ ಬರೆದ ಒಂದು ಅರ್ಜಿ ನೂರು ಕವಿತೆಗಳಿಗಿಂತ ಮೇಲು ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಲೇಖನಗಳ ವಿಷಯ ಬೇರೆ. ಪ್ರತಿಯೊಂದು ಲೇಖನವನ್ನು ಕೇಳಿದವರೂ ಕೊನೆಯಲ್ಲಿ ಒಂದು ಮಾತು ಸೇರಿಸುತ್ತಿದ್ದರು: "ಟೀಚರೇ, ಮುಗಿಸುವಾಗ ಸ್ವಲ್ಪ ಭರವಸೆ ಬರುವ ಹಾಗೆ ಬರೆಯಿರಿ."

ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಭಾಗಗಳಿರಬೇಕೆಂದು ನಾವು ಎಂಟನೆಯ ತರಗತಿಯ ಮಕ್ಕಳಿಗೆ ಹೇಳಿಕೊಡುತ್ತೇವೆ, ಮತ್ತು ಉಪಸಂಹಾರದಲ್ಲಿ ಒಳ್ಳೆಯ ಮಾತು ಇರಲೇಬೇಕು ಎಂಬುದನ್ನು ಯಾರೂ ಹೇಳಿಕೊಡದೆಯೇ ಮಕ್ಕಳು ಕಲಿತಿರುತ್ತಾರೆ. ಬರದ ಬಗ್ಗೆ ಬರೆದರೂ ಅಪಘಾತದ ಬಗ್ಗೆ ಬರೆದರೂ ಕೊನೆಯ ಪ್ಯಾರಾದಲ್ಲಿ ಸೂರ್ಯ ಹುಟ್ಟುತ್ತಾನೆ. ಕುಸಿದ ಗುಡ್ಡದ ಕೆಂಪು ಮಣ್ಣನ್ನು ಎದುರಿಗೆ ನೋಡುತ್ತ, ಅದರ ಮೇಲೆ ಹಸಿರು ಮತ್ತೆ ಚಿಗುರುತ್ತದೆ ಎಂಬ ಸಾಲನ್ನು ಹಲವು ರೀತಿಯಲ್ಲಿ ಬರೆದು ಕೊಡುವ ಕೆಲಸ ಮುಂದುವರಿದಂತೆ, ಆ ಸಾಲು ಸುಳ್ಳೆಂದು ಅನ್ನಿಸಲಿಲ್ಲ. ಹಸಿರು ನಿಜಕ್ಕೂ ಚಿಗುರಿತು, ನಮ್ಮ ಮಳೆಗೆ ಎರಡೇ ವರ್ಷ ಸಾಕು. ಆದರೆ ಆ ಸಾಲನ್ನು ಬರೆಯಲು ಏನನ್ನೂ ನೋಡಬೇಕಾಗಿರಲಿಲ್ಲ. ಕಣ್ಣು ಮುಚ್ಚಿ ಬರೆಯಬಹುದಾದ ಸಾಲನ್ನು ಮತ್ತೆ ಮತ್ತೆ ಬರೆದ ಕೈಗೆ ಬರವಣಿಗೆಯೇ ಬೇಸರವಾಯಿತು. ರೋಗ ಹರಡಿ ಶಾಲೆ ಮುಚ್ಚಿದ ಮೇಲೆ ಕೇಳುವವರೂ ಕಡಿಮೆಯಾದರು, ನಾನೂ ನಿಲ್ಲಿಸಿದೆ. ನಿಲ್ಲಿಸಿದ್ದರಿಂದ ದುಃಖವೇನೂ ಆಗಲಿಲ್ಲ ಎಂಬುದೇ ಆಗ ನನಗೆ ಸ್ವಲ್ಪ ಗಾಬರಿ ಹುಟ್ಟಿಸಿದ ಸಂಗತಿ.

ಬರೆಯುವವರಿಗೆ ಭರವಸೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯ ಹಿಂದಿನವರನ್ನು ನೋಡಿದರೆ ವಿಚಿತ್ರವಾದ ಉತ್ತರಗಳು ಸಿಗುತ್ತವೆ. ನಮ್ಮ ಮನೆಗೆ ಬಹಳ ದೂರವಲ್ಲದ ಗುಂಡುಕುಟ್ಟಿ ತೋಟದಲ್ಲಿ ಕೊಡಗಿನ ಗೌರಮ್ಮನವರು ಬದುಕಿದ್ದರು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಅವರು, 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತು, ಬಂದವರ ಹರಿಜನ ನಿಧಿಗೆ ತಮ್ಮ ಒಡವೆಗಳನ್ನು ಒಪ್ಪಿಸಿದವರು; ಟೆನಿಸ್ ಆಡುತ್ತಿದ್ದವರು, ಈಜುತ್ತಿದ್ದವರು. ವಿಧವೆಯರ, ಕೈಬಿಟ್ಟ ಹೆಣ್ಣುಮಕ್ಕಳ ಬದುಕನ್ನು ಕುರಿತ ಅವರ ಕಥೆಗಳಲ್ಲಿ ಸಮಾಧಾನದ ಕೊನೆಗಳು ಕಡಿಮೆ. 1939ರ ಏಪ್ರಿಲ್‌ನಲ್ಲಿ ಈಜಲು ಇಳಿದಿದ್ದಾಗ ಸುಳಿಗೆ ಸಿಕ್ಕಿ ತೀರಿಕೊಂಡಾಗ ಅವರಿಗೆ 27 ವರ್ಷ. ಕಥೆಗಳು ಪುಸ್ತಕವಾಗಿ ಬಂದದ್ದು ಆನಂತರ. ತೋಟದ ಮನೆಯಲ್ಲಿ ಕುಳಿತು ಬರೆಯುತ್ತಿದ್ದಾಗ ಅವರ ಎದುರಿಗೆ ಪುಸ್ತಕವಿರಲಿಲ್ಲ, ಹೆಸರಿರಲಿಲ್ಲ; ಮುಂದಿನ ಕಥೆ ಮಾತ್ರ ಇತ್ತು. ಅವರಿಗಿಂತ ಮೊದಲಿನ ನಡಿಕೇರಿಯಂಡ ಚಿಣ್ಣಪ್ಪನವರದು ಇನ್ನೂ ಬೇರೆ ರೀತಿ. ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಅವರು ಹಿರಿಯರ ಬಾಯಲ್ಲಿದ್ದ ಕೊಡವ ಹಾಡುಗಳನ್ನು, ಗಾದೆಗಳನ್ನು, ಪದ್ಧತಿಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು 1924ರಲ್ಲಿ 'ಪಟ್ಟೋಲೆ ಪಳಮೆ' ಎಂದು ಅಚ್ಚು ಹಾಕಿಸಿದರು. ನೂರು ವರ್ಷ ದಾಟಿದ ಮೇಲೂ ಹಾಡುಗಳನ್ನು ಕಲಿಯುವವರು ಆ ಪುಸ್ತಕವನ್ನೇ ತೆರೆಯುತ್ತಾರೆ. ಹಾಡುವವರು ತೀರಿಹೋಗುವ ಮೊದಲು ಕೇಳಿ ಬರೆದುಕೊಳ್ಳಬೇಕಾದ ಕೆಲಸದಲ್ಲಿ ಮನಸ್ಸಿನ ಉಲ್ಲಾಸಕ್ಕಾಗಿ ಕಾಯುವುದು ಸಾಧ್ಯವಿರಲಿಲ್ಲ ಎಂದು ನನಗೆ ತೋರುತ್ತದೆ. ಇವರಿಬ್ಬರನ್ನು ದೊಡ್ಡ ಆದರ್ಶಗಳಾಗಿ ಎದುರಿಗಿಟ್ಟುಕೊಂಡು ಬರೆಯಲು ಹೊರಟರೆ ಒಂದು ಸಾಲೂ ಮೂಡುವುದಿಲ್ಲ. ನನಗೆ ಉಪಯೋಗಕ್ಕೆ ಬಂದದ್ದು ಅವರ ಮಹತ್ವಕ್ಕಿಂತ ಹೆಚ್ಚಾಗಿ, ಇಬ್ಬರೂ ಕೈಗೆ ಎಟುಕುವಷ್ಟು ಹತ್ತಿರದ್ದನ್ನೇ ಹಿಡಿದಿದ್ದರು ಎಂಬ ಸರಳ ಸಂಗತಿ.

ನನಗೆ ಎಟುಕುವಷ್ಟು ಹತ್ತಿರದಲ್ಲಿ ಇದ್ದದ್ದು ಅಪ್ಪನ ಮಳೆಮಾಪಕ. ಅದರ ಆಲಿಕೆಯಲ್ಲಿ ಒಣ ಎಲೆ ತುಂಬಿಕೊಂಡಿತ್ತು, ಗಾಜಿನ ಅಳತೆಯ ಅಂಚು ಮುಕ್ಕಾಗಿತ್ತು. ಒಂದು ಜನವರಿಯಲ್ಲಿ ಅದನ್ನು ತೊಳೆದು, ಉದ್ದನೆಯ ಹೊಸ ರಿಜಿಸ್ಟರ್ ತಂದು, ಅವರಂತೆಯೇ ನಾಲ್ಕು ಕಾಲಂಗಳನ್ನು ಎಳೆದು, ತಿಂಗಳ ತಾರೀಖುಗಳನ್ನು ಬರೆದೆ. ಜನವರಿಯಲ್ಲಿ ಕೊಡಗಿನಲ್ಲಿ ಮಳೆಯ ಲೆಕ್ಕ ಶುರು ಮಾಡುವವರನ್ನು ಕಂಡು ನಗುವುದು ಸಹಜ; ಪುಟದ ತುಂಬ ಸೊನ್ನೆ. ಆ ಸೊನ್ನೆಗಳೇ ಉಪಕಾರ ಮಾಡಿದವು. ಅಂಕಿಯ ಕಾಲಂನಲ್ಲಿ ಬರೆಯಲು ಏನೂ ಇಲ್ಲದ್ದರಿಂದ ಪಕ್ಕದ ಷರಾ ಕಾಲಂ ಕಣ್ಣಿಗೆ ಬೀಳತೊಡಗಿತು. ಮೊದಲು ಬರೆದವು ಅಪ್ಪನ ಸಾಲುಗಳಂಥವೇ: ಕಣದಲ್ಲಿ ಕಾಫಿ ಒಣಗಿದ್ದು, ಮೆಣಸು ಕುಯ್ಯಲು ಏಣಿ ತಂದದ್ದು. ನಾನೇ ಇಟ್ಟುಕೊಂಡ ನಿಯಮಗಳು ಎರಡು. ಆ ದಿನ ಸ್ವತಃ ನೋಡಿದ ಅಥವಾ ಕೇಳಿದ ಸಂಗತಿಯನ್ನು ಮಾತ್ರ ಬರೆಯಬೇಕು, ಮತ್ತು ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಬಾರದು. ಎರಡನೆಯ ನಿಯಮ ಎಷ್ಟು ಕಷ್ಟದ್ದೆಂದರೆ, ಕನ್ನಡ ಕಲಿಸುವವಳಾದ ನನಗೆ ವಿಶೇಷಣಗಳಿಲ್ಲದೆ ವಾಕ್ಯ ಕಟ್ಟಲು ಅಭ್ಯಾಸವೇ ತಪ್ಪಿಹೋಗಿತ್ತು.

ಸಂತೋಷ ಮರಳಿ ಬಂದದ್ದು ಯಾವಾಗ ಎಂದು ಕೇಳಿದರೆ ಹೂಮಳೆಯ ಕಾಲದಲ್ಲಿ ಎಂದು ಖಚಿತವಾಗಿ ಹೇಳಬಲ್ಲೆ. ಫೆಬ್ರವರಿ ಮಾರ್ಚ್‌ನಲ್ಲಿ ರೊಬಸ್ಟಾ ಗಿಡದ ಮೊಗ್ಗುಗಳು ಹುರುಳಿಕಾಳಿನಷ್ಟು ಗಾತ್ರಕ್ಕೆ ಬಂದು, ಬೇರಿನ ಬಳಿಯ ಮಣ್ಣು ಒಣಗಿ, ಮಳೆಗಾಗಿ ಕಾಯುತ್ತಿರುತ್ತವೆ. ಒಂದು ಇಂಚಿನಷ್ಟು ಮಳೆ ಒಮ್ಮೆಗೆ ಬಿದ್ದರೆ ಸುಮಾರು ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಒಟ್ಟಿಗೆ ಅರಳುತ್ತದೆ. ಇಪ್ಪತ್ತು ಮೂವತ್ತು ಸೆಂಟು ಬಂದು ನಿಂತರೆ ಮೊಗ್ಗು ಅರ್ಧಕ್ಕೆ ಬಿರಿದು ಕೆಡುತ್ತದೆ. ಅರಳಿದ ದಿನವೇ ಮತ್ತೆ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ, ಬಾರದೇ ಹೋದರೆ ಎರಡು ಮೂರು ವಾರಗಳಲ್ಲಿ ಇನ್ನೊಂದು ಮಳೆ ಬೇಕು. ನೀರಿನ ಅನುಕೂಲವಿರುವವರು ಸ್ಪ್ರಿಂಕ್ಲರ್ ಹಾಕುತ್ತಾರೆ, ನಮ್ಮಂಥವರು ಆಕಾಶ ನೋಡುತ್ತಾರೆ. ಆ ವರ್ಷ ಮಾರ್ಚ್‌ನಲ್ಲಿ ಒಂದು ಇಂಚು ಹತ್ತು ಸೆಂಟು ಬಂತು. ಹೂ ಬಂದ ದಿನ ಷರಾ ಬರೆಯಲು ಕುಳಿತಾಗ ಕೈ ತಾನಾಗಿಯೇ ಮಲ್ಲಿಗೆಯ ಕಡೆ ಹೋಯಿತು, ಏಕೆಂದರೆ ಕಾಫಿ ಹೂವಿನ ಬಗ್ಗೆ ಬರೆದವರಲ್ಲಿ ಮಲ್ಲಿಗೆಯ ಮಾತನ್ನು ಹೇಳದೆ ಬಿಟ್ಟವರಿಲ್ಲ, ನಾನೂ ಹಿಂದಿನ ಕಥೆಗಳಲ್ಲಿ ಹಾಗೆಯೇ ಬರೆದಿದ್ದೇನೆ. ನಿಯಮದ ಪ್ರಕಾರ ಅದು ನಾನು ಆ ದಿನ ಕಂಡದ್ದಲ್ಲ. ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ನಿಂತೆ. ಹೂವು ಕಾಣುವ ಮೊದಲು ಜೇನಿನ ಸದ್ದು ಕೇಳಿತು, ಅದು ಒಂದು ಗಿಡದಿಂದ ಬರದೆ ಇಡೀ ಇಳಿಜಾರಿನಿಂದ ಬರುತ್ತಿತ್ತು. ಗಿಡಗಳ ನಡುವೆ ನುಗ್ಗಿದಾಗ ಸೀರೆಯ ಸೆರಗಿಗೆ ಎಸಳು ಅಂಟಿತು. ಮೂರನೆಯ ದಿನ ಹೂವು ಕಂದು ಬಣ್ಣಕ್ಕೆ ತಿರುಗಿದಾಗ ಅದರ ವಾಸನೆಯಲ್ಲಿ ಹುಳಿ ಸೇರಿಕೊಂಡಿತ್ತು. ಇಷ್ಟನ್ನು ಕಿರಿದಾದ ಕಾಲಂನಲ್ಲಿ ಹಿಡಿಸಲು ಹೋಗಿ, ಸಾಲುಗಳು ಅಂಚನ್ನು ದಾಟಿ ಪಕ್ಕದ ಪುಟಕ್ಕೆ ಹೋದವು. ಯಾರೂ ಕೇಳದೆ, ಯಾರಿಗೂ ಕೊಡಬೇಕಾಗಿಲ್ಲದೆ, ಒಂದು ವಾಕ್ಯವನ್ನು ಅಳಿಸಿ ಇನ್ನೊಂದು ರೀತಿಯಲ್ಲಿ ಬರೆದು ನೋಡುತ್ತ ಊಟದ ಹೊತ್ತು ಮೀರಿತ್ತು. ಅವ್ವ ಎರಡು ಸಲ ಕರೆದಿದ್ದಳಂತೆ.

ಆನಂತರದ ಜೂನ್ ಬಂದಾಗ ಕೊಡಗಿನ ಎಲ್ಲರಂತೆ ನನಗೂ ಹೆದರಿಕೆ ಇತ್ತು. 2018ರ ನಂತರ ಇಲ್ಲಿ ರಾತ್ರಿಯ ಜೋರು ಮಳೆಯನ್ನು ಯಾರೂ ಮೊದಲಿನಂತೆ ಕೇಳುವುದಿಲ್ಲ. ಮನೆಯ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಇರುವವರು ಟಾರ್ಚ್ ಹಿಡಿದು ಎದ್ದು ನೋಡುತ್ತಾರೆ. ಬರವಣಿಗೆ ಆ ಹೆದರಿಕೆಯನ್ನು ಕಳೆಯಿತು ಎಂದು ಹೇಳಿದರೆ ಅದು ಉಪಸಂಹಾರದ ಮಾತಾಗುತ್ತದೆ. ಬೆಳಿಗ್ಗೆ ಅಳೆಯಲು ಹೋಗಬೇಕು ಎಂಬ ಕೆಲಸ ಒಂದಿದ್ದುದರಿಂದ ಹೆದರಿಕೆಯ ಜೊತೆಗೆ ಕುತೂಹಲವೂ ಎಚ್ಚರವಾಗಿರುತ್ತಿತ್ತು, ಅಷ್ಟೇ. ಬಾಟಲಿ ತುಂಬಿ ಹೊರಚೆಲ್ಲುವಂಥ ದಿನಗಳಲ್ಲಿ ಮಧ್ಯಾಹ್ನವೂ ಒಮ್ಮೆ ಅಳೆಯಬೇಕಾಗುತ್ತದೆ. ಕೊಡೆ ಹಿಡಿದು ಬಗ್ಗಿ ನಿಂತು, ಹೆಂಚಿನ ಮೇಲೆ, ತಗಡಿನ ಮೇಲೆ, ಬಾಳೆ ಎಲೆಯ ಮೇಲೆ ಬೀಳುವ ಮಳೆಯ ಸದ್ದುಗಳನ್ನು ಬೇರೆ ಬೇರೆಯಾಗಿ ಬರೆಯಲು ಸಾಧ್ಯವೇ ಎಂದು ಯೋಚಿಸುತ್ತಿದ್ದ ನನ್ನನ್ನು ಪಕ್ಕದ ತೋಟದವರು ಬೇಲಿಯ ಆಚೆಯಿಂದ ಕೂಗಿ, "ಟೀಚರೇ, ಎಷ್ಟು ಬಂತು?" ಎಂದು ಕೇಳಿದಾಗ ಅಂಕಿಯನ್ನೇ ಮರೆತಿದ್ದುಂಟು. ಖಾಲಿ ಮನೆಗಳ ಮುಂದೆ ತಾರೀಖು ಬರೆದಿಡುವ ಅಪ್ಪನ ಪದ್ಧತಿ ನನಗೆ ಅರ್ಥವಾದದ್ದು ಆ ಮಳೆಗಾಲದಲ್ಲಿ. ಅದರಲ್ಲಿ ಒಳ್ಳೆಯದಾಗುತ್ತದೆ ಎಂಬ ಆಶ್ವಾಸನೆ ಏನೂ ಇಲ್ಲ. ಇಪ್ಪತ್ತೊಂಬತ್ತನೆಯ ತಾರೀಖು ಬರುತ್ತದೆ, ಆ ದಿನ ಅಳೆಯುವವರು ಒಬ್ಬರು ಇರುತ್ತಾರೆ ಎಂಬ ಲೆಕ್ಕಾಚಾರ ಮಾತ್ರ ಇದೆ. ಭರವಸೆಯನ್ನು ಲೇಖನದ ಕೊನೆಗೆ ಅಂಟಿಸುವ ಬದಲು ಪುಟದ ಆರಂಭದಲ್ಲಿಯೇ ಗೆರೆ ಎಳೆದು ಮುಗಿಸಿಬಿಟ್ಟರೆ, ನಡುವಿನಲ್ಲಿ ಏನನ್ನು ಬೇಕಾದರೂ ಬರೆಯುವ ಸ್ವಾತಂತ್ರ್ಯ ಸಿಗುತ್ತದೆ.

ಷರಾಗಳ ನಡುವಿನಿಂದ ಒಂದು ಕಥೆ ಹೊರಟಿದೆ. ಕಾಫಿ ಕುಯ್ಲಿನ ಕಾಲದ ಒಂದು ಸಂಜೆ, ತೂಕದ ಹೊತ್ತಿನಲ್ಲಿ, ರೈಟರ್ ಹೆಸರು ಕೂಗುತ್ತಾನೆ. ಒಬ್ಬ ಹೆಂಗಸಿನ ಹೆಸರನ್ನು ಚೆಕ್‌ರೋಲ್‌ನಲ್ಲಿ ವರ್ಷಗಳಿಂದ ತಪ್ಪಾಗಿ ಬರೆಯಲಾಗಿದೆ, ಅವಳು ಆ ದಿನ ಆ ಹೆಸರಿಗೆ ಓಗೊಡುವುದಿಲ್ಲ. ಇಷ್ಟೇ ಕಥೆ. ಇದನ್ನು ಬರೆಯುವಾಗ ಕೊಡಗಿನಲ್ಲಿ ಕುಳಿತು ಕನ್ನಡದಲ್ಲಿ ಬರೆಯುವ ಎಲ್ಲರಿಗೂ ಬರುವ ತೊಡಕು ನನಗೂ ಬಂದಿದೆ. ನಮ್ಮ ಮನೆಯಲ್ಲಿ ಆಡುವುದು ಅರೆಭಾಷೆ, ಧಣಿಯ ಮನೆಯಲ್ಲಿ ಕೊಡವ ತಕ್ಕ್, ಅಂಗಡಿಯಲ್ಲಿ ಮಲಯಾಳ, ಕೂಲಿಯಾಳುಗಳ ಲೈನ್ ಮನೆಗಳಲ್ಲಿ ಆ ಕಾಲದಲ್ಲಿ ತಮಿಳು ಮತ್ತು ತುಳು, ಕಾಡಂಚಿನ ತೋಟಗಳಲ್ಲಿ ಎರವರ ಮತ್ತು ಕುರುಬರ ಮಾತು, ಈಗ ಅಸ್ಸಾಮಿನಿಂದ ಬಂದವರ ಮಾತೂ ಸೇರಿದೆ. ತೂಕದ ಕಟ್ಟೆಯ ಮುಂದೆ ಇವರೆಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಎಲ್ಲರ ಬಾಯಿಗೂ ಪಠ್ಯಪುಸ್ತಕದ ಕನ್ನಡವನ್ನು ತುಂಬಿದರೆ ಸಾಲು ಸತ್ತುಹೋಗುತ್ತದೆ, ಎಲ್ಲರ ಭಾಷೆಯನ್ನೂ ಹಾಗೆಯೇ ಬರೆದರೆ ಧಾರವಾಡದ ಓದುಗ ಪುಸ್ತಕ ಮುಚ್ಚುತ್ತಾನೆ. ಹಿಂದೆ ಇಂಥ ಕಡೆಯಲ್ಲಿ ನಾನು ಮಾತುಗಳನ್ನೇ ಕಡಿಮೆ ಮಾಡಿ, ಪಾತ್ರಗಳನ್ನು ಮೌನವಾಗಿ ಕಿಟಕಿಯ ಹೊರಗೆ ನೋಡಿಸಿಬಿಡುತ್ತಿದ್ದೆ. ಈಗ ಈ ತೊಡಕಿನಲ್ಲಿಯೇ ರುಚಿ ಕಾಣುತ್ತಿದೆ: ವಾಕ್ಯದ ಕ್ರಮವನ್ನು ಸ್ವಲ್ಪ ಬದಲಿಸಿದರೆ, ಒಂದು ಸಂಬೋಧನೆಯನ್ನು ಹಾಗೆಯೇ ಉಳಿಸಿದರೆ, ಕನ್ನಡದಲ್ಲಿಯೇ ಬೇರೆ ಭಾಷೆಯ ನಡಿಗೆ ಕೇಳಿಸುವಂತೆ ಮಾಡಬಹುದೇ ಎಂದು ನೋಡುತ್ತ ಅರ್ಧ ಪುಟಕ್ಕೆ ಒಂದು ವಾರ ಹಿಡಿದಿದ್ದೇನೆ.

ಕಥೆ ಅಚ್ಚಾಗುವುದೋ ಇಲ್ಲವೋ ಎಂಬ ಚಿಂತೆ ಪೂರ್ತಿ ಹೋಗಿದೆ ಎಂದು ಹೇಳಲಾರೆ. 1981ರಲ್ಲಿ ಶಂಬಾ ಜೋಶಿಯವರ ಅಧ್ಯಕ್ಷತೆಯಲ್ಲಿ ಮಡಿಕೇರಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅಪ್ಪನ ಕೈ ಹಿಡಿದು ಹೋಗಿದ್ದ ಹುಡುಗಿಗೆ ವೇದಿಕೆಯ ಮಾತುಗಳು ಏನೂ ತಿಳಿಯದಿದ್ದರೂ ಪುಸ್ತಕದ ಅಂಗಡಿಗಳ ಸಾಲು ಮಾತ್ರ ತಲೆಯಲ್ಲಿ ಉಳಿದಿದೆ, ಮತ್ತು ಆ ಆಸೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. 2014ರಲ್ಲಿ ಅದೇ ಊರಿನಲ್ಲಿ ಮತ್ತೆ ಸಮ್ಮೇಳನ ನಡೆದಾಗ ಆ ಸಾಲಿನಲ್ಲಿ ನನ್ನದೊಂದು ಪುಸ್ತಕ ಇಲ್ಲವಲ್ಲ ಎಂದು ಕೊರಗಿದ್ದೆ. ಆಸೆ ಇರಲಿ, ಆದರೆ ಬೆಳಗಿನ ಅಳತೆಗೂ ಅದಕ್ಕೂ ಸಂಬಂಧವಿಲ್ಲ.

ಸದ್ಯಕ್ಕೆ ಕಥೆ ಒಂದು ಸಣ್ಣ ಸಂಗತಿಯ ಬಳಿ ನಿಂತಿದೆ. ಓಗೊಡದೆ ನಿಂತವಳ ಚೀಲವನ್ನು ಆ ಕಾಲದಲ್ಲಿ ತೂಕಕ್ಕೆ ಹಾಕುತ್ತಿದ್ದರೇ ಅಥವಾ ಬದಿಗಿಟ್ಟು ಮುಂದಿನವರನ್ನು ಕರೆಯುತ್ತಿದ್ದರೇ ಎಂಬುದು ನನಗೆ ಬೇಕಾಗಿದೆ, ಅಪ್ಪನ ಷರಾಗಳಲ್ಲಿ ಇದಕ್ಕೆ ಉತ್ತರವಿಲ್ಲ. ಅವರ ಜೊತೆಗೆ ಕೆಲಸ ಮಾಡಿದ್ದ ಮೇಸ್ತ್ರಿಯೊಬ್ಬರು ಮಾದಾಪುರದ ಕಡೆ ಮಗಳ ಮನೆಯಲ್ಲಿ ಇದ್ದಾರೆ. ಮಳೆ ಸ್ವಲ್ಪ ಬಿಟ್ಟರೆ ಭಾನುವಾರ ಹೋಗಬೇಕೆಂದಿದ್ದೇನೆ. ಅವರಿಗೆ ಕಿವಿ ಮಂದವಾದ್ದರಿಂದ ಕೇಳಬೇಕಾದುದನ್ನೆಲ್ಲ ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡಾಗ ಪ್ರಶ್ನೆಗಳೇ ಎರಡು ಪುಟ ತುಂಬಿವೆ. ಹೆಚ್ಚಿನವು ಉಳಿದುಹೋಗುವುದು ಖಂಡಿತ, ಏಕೆಂದರೆ ಅವರು ಮೊದಲನೆಯ ಪ್ರಶ್ನೆಗೇ ಮಧ್ಯಾಹ್ನದ ಊಟದವರೆಗೆ ಉತ್ತರ ಹೇಳುವವರು.